ಜೊಲ್ಲಿನಿಂದ ಗೂಡು ಕಟ್ಟುವ ಬಾನಾಡಿ

ಮುರ್ಡೇಶ್ವರದ ಕಡಲತೀರದಿಂದ ಪಶ್ಚಿಮಕ್ಕೆ ಕಾಣುವ ಬಂಡೆಗಲ್ಲಿನ ದ್ವೀಪವೇ ನೇತ್ರಾಣಿ. ಹಿಂದಿನ ನಕಾಶೆಗಳಲ್ಲಿ ಇದಕ್ಕೆ ಪಾರಿವಾಳದ ದ್ವೀಪವೆಂಬ ಹೆಸರಿತ್ತು. ಆದರೆ ಪಕ್ಷಿತಜ್ಞರ ಗಮನವನ್ನು ಇದು ಸೆಳೆದದ್ದು ಪಾರಿವಾಳಗಳಿಗಿಂತ ಹೆಚ್ಚಾಗಿ ಒಂದು ಪುಟ್ಟ ಕಂದು ಹಕ್ಕಿಯಿಂದ. 19ನೆಯ ಶತಮಾನದಲ್ಲಿ ಭಾರತದ ಪಕ್ಷಿಗಳ ಬಗೆಗೆ ಬರೆದ ಜೆರ್ಡನ್, ಈ ಹಕ್ಕಿ ಗೂಡು ಕಟ್ಟುವ ತಾಣಗಳಲ್ಲಿ ನೇತ್ರಾಣಿಯನ್ನೂ ವೆಂಗುರ್ಲಾ ಬಳಿಯ ಬಂಡೆದ್ವೀಪಗಳನ್ನೂ ಹೆಸರಿಸಿದ್ದಾನೆ.

ಚೀನೀಯರು ಇದರ ಜಾತಿಯ ಹಕ್ಕಿಗಳ ಗೂಡನ್ನು ಕವಲುತೋಕೆಯ ಗೂಡೆಂದೇ ಕರೆಯುತ್ತಾರೆ. ನೋಟಕ್ಕೆ ಅದು ಸಹಜವಾದ ತಪ್ಪು. ಎರಡೂ ಹಾರುತ್ತಲೇ ಕೀಟಗಳನ್ನು ಹಿಡಿದು ತಿನ್ನುತ್ತವೆ. ಆ ಬದುಕೇ ಎರಡಕ್ಕೂ ಒಂದೇ ಬಗೆಯ ಮೈಕಟ್ಟು ಕೊಟ್ಟಿದೆ. ರಕ್ತಸಂಬಂಧ ಮಾತ್ರ ದೂರದ್ದು. ಬಾನಾಡಿಗಳಿಗೆ ಹತ್ತಿರದ ನೆಂಟರೆಂದರೆ ಅಮೆರಿಕ ಖಂಡದ ಹಮ್ಮಿಂಗ್ ಬರ್ಡ್‌ಗಳು.

ಗುರುತಿಸುವುದು ಕಷ್ಟವಲ್ಲ. ಕವಲುತೋಕೆಯ ಬೆನ್ನು ನೀಲಿಯಾಗಿ ಹೊಳೆಯುತ್ತದೆ. ಅದು ತಂತಿಯ ಮೇಲೆ ಸಾಲಾಗಿ ಕೂರುತ್ತದೆ. ಈ ಬಾನಾಡಿಗೆ ಹೊಳಪಿಲ್ಲ, ಮೈಯೆಲ್ಲ ಬೂದು ಮಿಶ್ರಿತ ಕಂದು. ಉದ್ದ ಸುಮಾರು 12 ಸೆಂಟಿಮೀಟರ್. ರೆಕ್ಕೆಗಳು ಕುಡುಗೋಲಿನಂತೆ ಬಾಗಿವೆ. ಕಾಲುಗಳು ತೀರ ಗಿಡ್ಡವಾದ್ದರಿಂದ ಕೊಂಬೆಯ ಮೇಲೆ ಕೂರಲಾರದು. ಗುಹೆಯ ಗೋಡೆಗೆ ಉಗುರೂರಿ ಜೋತು ಬೀಳುತ್ತದೆ.

ಗುಹೆಯೊಳಗಿನ ಕತ್ತಲೆಯಲ್ಲಿ ಇದು ದಾರಿ ಕಾಣುವ ಬಗೆ ವಿಸ್ಮಯಕರ. ಹಾರುವಾಗ ಟಿಕ್ ಟಿಕ್ ಎಂದು ಸದ್ದು ಮಾಡುತ್ತ, ಗೋಡೆಗೆ ತಾಗಿ ಮರಳುವ ಪ್ರತಿಧ್ವನಿಯಿಂದ ಅಡ್ಡಿಗಳನ್ನು ತಿಳಿಯುತ್ತದೆ. ಬಾವಲಿಗಳ ವಿದ್ಯೆಯೇ ಇದು. ಆದರೆ ಅವುಗಳ ಸದ್ದು ಬಹುಮಟ್ಟಿಗೆ ನಮ್ಮ ಕಿವಿಗೆ ನಿಲುಕದು, ಬಾನಾಡಿಯದು ಸ್ಪಷ್ಟವಾಗಿ ಕೇಳಿಸುತ್ತದೆ.

ಸಂತಾನಕಾಲದಲ್ಲಿ ಇದರ ಜೊಲ್ಲಿನ ಗ್ರಂಥಿಗಳು ಹಿಗ್ಗುತ್ತವೆ. ಅಂಟಾದ ಜೊಲ್ಲನ್ನು ಎಳೆಎಳೆಯಾಗಿ ಬಂಡೆಗೆ ಹಚ್ಚಿ, ಅರ್ಧ ಬಟ್ಟಲಿನಂಥ ಗೂಡನ್ನು ದಿನಗಟ್ಟಲೆ ಕಟ್ಟುತ್ತದೆ. ಅದರಲ್ಲಿಡುವುದು ಎರಡು ಬಿಳಿ ಮೊಟ್ಟೆ. ನಮ್ಮ ಕರಾವಳಿಯ ಬಾನಾಡಿ ಜೊಲ್ಲಿಗೆ ಹುಲ್ಲು, ಗರಿಗಳನ್ನೂ ಬೆರೆಸುತ್ತದೆ. ಅಂಡಮಾನ್, ನಿಕೋಬಾರ್ ದ್ವೀಪಗಳಲ್ಲಿರುವ ಇದರ ಸೋದರ ಜಾತಿಯ ಗೂಡಾದರೋ ಬಹುಪಾಲು ಶುದ್ಧ ಜೊಲ್ಲು. ಒಣಗಿದರೆ ಬಿಳಿ ಪಿಂಗಾಣಿಯ ಹಾಗೆ ಕಾಣುತ್ತದೆ.

ಈ ಬಿಳುಪೇ ಅದಕ್ಕೆ ಮುಳುವಾಯಿತು. ಚೀನೀಯರ ಔತಣಗಳಲ್ಲಿ ಗೂಡಿನ ಸೂಪಿಗೆ ಶತಮಾನಗಳ ಮರ್ಯಾದೆಯಿದೆ. ಅದು ಆರೋಗ್ಯವನ್ನೂ ಮೈಕಾಂತಿಯನ್ನೂ ಹೆಚ್ಚಿಸುತ್ತದೆಂಬ ನಂಬಿಕೆಯಿದೆ. ಬೆಲೆ ಏರಿದಷ್ಟೂ ಗುಹೆಗಳಿಗೆ ಏಣಿ ಹಾಕುವವರು ಹೆಚ್ಚಿದರು. ಗೂಡು ಕಳೆದುಕೊಂಡ ಜೋಡಿ ಮತ್ತೆ ಕಟ್ಟುತ್ತದೆ. ಅದನ್ನೂ ಕಿತ್ತರೆ ಮೊಟ್ಟೆ, ಮರಿಗಳಿಗೆ ನೆಲೆಯೇ ಇಲ್ಲ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ರವಿ ಶಂಕರನ್ ಅಂಡಮಾನ್, ನಿಕೋಬಾರ್‌ಗಳ ಗುಹೆಗಳನ್ನು ಹುಡುಕಿ ಅಲೆದು ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹತ್ತೇ ವರ್ಷಗಳಲ್ಲಿ ಅಲ್ಲಿನ ಹಕ್ಕಿಗಳ ಸಂಖ್ಯೆ ಶೇಕಡ 80ಕ್ಕೂ ಹೆಚ್ಚು ಕುಸಿದಿತ್ತೆಂದು ಅದು ತಿಳಿಸಿತು.

ಕಾವಲಿಗೆ ಶಂಕರನ್ ನೆಚ್ಚಿದ್ದು ಗೂಡು ಕೀಳುವವರನ್ನೇ. ಪ್ರತಿಯೊಂದು ಬಿರುಕನ್ನೂ ಬಲ್ಲವರು ಅವರಲ್ಲದೆ ಬೇರಾರು? ಅರಣ್ಯ ಇಲಾಖೆಯ ಜೊತೆಗೂಡಿ ನಡೆದ ಈ ಯೋಜನೆಯಲ್ಲಿ ಹಳೆಯ ಗೂಡುಗಳ್ಳರೇ ಗುಹೆಗಳ ಪಹರೆಯವರಾದರು. ಮರಿಗಳು ಹಾರಿಹೋದ ಮೇಲೆ ಬರಿದಾದ ಗೂಡನ್ನು ತೆಗೆದರೆ ಹಕ್ಕಿಗೆ ಹಾನಿಯಿಲ್ಲ, ಮನುಷ್ಯನಿಗೆ ಆದಾಯವೂ ಉಂಟು ಎಂಬುದು ಅವರ ವಾದವಾಗಿತ್ತು. 2009ರಲ್ಲಿ ಶಂಕರನ್ ಅಕಾಲ ಮರಣಕ್ಕೆ ತುತ್ತಾದರು. ಕಾವಲಿದ್ದ ಗುಹೆಗಳಲ್ಲಿ ಮಾತ್ರ ಮರಿಗಳು ರೆಕ್ಕೆ ಬಲಿತು ಹಾರತೊಡಗಿದ್ದವು.

ಕಳ್ಳತನ ಮತ್ತು ಕೊಯ್ಲು, ಇವೆರಡರ ನಡುವಿನ ಅಂತರ ಇಲ್ಲಿ ಕೆಲವೇ ವಾರಗಳದು. ಮರಿಗೆ ರೆಕ್ಕೆ ಬರುವವರೆಗೆ ಕಾಯುವ ತಾಳ್ಮೆಯಷ್ಟೇ ಬೇಕಾದದ್ದು.