ಅಗ್ಗದ ಲ್ಯಾಪ್‌ಟಾಪಿನಲ್ಲಿ ಬಿಟ್ಟುಹೋದದ್ದೇನು?

ಮನೆಗೆ ಮೊದಲ ರೇಡಿಯೋ ಬಂದ ಕಾಲವನ್ನು ಕಂಡ ಹಿರಿಯರು ನಿಮ್ಮಲ್ಲಿದ್ದರೆ ಅವರನ್ನೊಮ್ಮೆ ಕೇಳಿ ನೋಡಿ. ಅಂಗಡಿಯಲ್ಲಿ ಎರಡು ತರಹದ ಸೆಟ್ಟುಗಳಿರುತ್ತಿದ್ದುವು. ಒಂದರಲ್ಲಿ ಮೀಡಿಯಂ ವೇವ್ ಮಾತ್ರ. ಇನ್ನೊಂದರಲ್ಲಿ ಶಾರ್ಟ್ ವೇವೂ ಉಂಟು. ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಧಾರವಾಡವನ್ನೋ ಬೆಂಗಳೂರನ್ನೋ ಹಾಕಿ, ವಾರ್ತೆ ಕೇಳಿ ಮಲಗುವ ಸಂಸಾರಕ್ಕೆ ಮೊದಲನೆಯದೇ ಧಾರಾಳವಾಗಿತ್ತು. ರೇಡಿಯೋ ಸಿಲೋನಿನ ಹಾಡು ಬೇಕೆಂದವರಿಗೆ ಮಾತ್ರ ಆ ಬ್ಯಾಂಡಿಲ್ಲದ್ದು ಕೊರತೆಯಾಗಿ ಕಾಣುತ್ತಿತ್ತು. ಆದರೆ ಸ್ಪೀಕರು ಕಳಪೆಯಾಗಿದ್ದರೆ ಗತಿಯೇನು? ವಾರ್ತೆ ಹಾಕಿದರೂ ಒಡಕು ದನಿ, ಹರಿಕಥೆ ಹಾಕಿದರೂ ಒಡಕು ದನಿ. ಎರಡು ಕಡೆಯೂ ತಯಾರಕನು ಹಣ ಉಳಿಸಿದ್ದು ನಿಜ. ಒಂದು ಉಳಿತಾಯ ನಿಮ್ಮ ಗಮನಕ್ಕೇ ಬರುವುದಿಲ್ಲ. ಇನ್ನೊಂದು ಪ್ರತಿದಿನವೂ ಕಿವಿಗೆ ಬಡಿಯುತ್ತದೆ.

ಇಂದು ಅದೇ ಮನೆಗಳಲ್ಲಿ ಲ್ಯಾಪ್‌ಟಾಪು ಕೊಳ್ಳುವ ಮಾತು ನಡೆಯುತ್ತದೆ. ಮಗಳು ಕಾಲೇಜಿಗೆ ಸೇರಿದ್ದಾಳೆ. ಅಥವಾ ನಿವೃತ್ತರಾದ ಯಜಮಾನರಿಗೆ ದೂರದೇಶದ ಮೊಮ್ಮಕ್ಕಳ ಮುಖ ನೋಡಬೇಕಾಗಿದೆ, ಬ್ಯಾಂಕಿನ ಲೆಕ್ಕ ನೋಡಬೇಕಾಗಿದೆ, ಒಂದಿಷ್ಟು ಕನ್ನಡದಲ್ಲಿ ಬರೆಯಬೇಕಾಗಿದೆ. ಇಪ್ಪತ್ತೈದು ಮೂವತ್ತು ಸಾವಿರಕ್ಕೆ ಒಂದು ಯಂತ್ರವುಂಟು, ಎಪ್ಪತ್ತು ಸಾವಿರಕ್ಕೆ ಇನ್ನೊಂದುಂಟು. ಹೊರಗಿನಿಂದ ನೋಡಿದರೆ ಎರಡೂ ಒಂದೇ. "ಅಗ್ಗದ್ದು ಮನೆ ಕೆಲಸಕ್ಕೆ ಸಾಲದೇ?" ಎಂದು ನೀವು ಕೇಳುತ್ತೀರಿ. ಅಂಗಡಿಯವನು ಸಾಕು ಎನ್ನುತ್ತಾನೆ. ಪಕ್ಕದ ಮನೆಯ ಇಂಜಿನಿಯರು ಖಂಡಿತ ಸಾಲದು ಎನ್ನುತ್ತಾನೆ. ಇಬ್ಬರ ಮಾತೂ ಅರ್ಧ ಸತ್ಯ.

ಜನ ಮೊದಲು ವಿಚಾರಿಸುವುದು ಪ್ರೊಸೆಸರನ್ನು. ನನ್ನ ಅಭಿಪ್ರಾಯದಲ್ಲಿ ಮನೆಯ ಬಳಕೆಗೆ ಇದಕ್ಕೆ ಕೊಡುವಷ್ಟು ಮಹತ್ವ ಬೇಕಿಲ್ಲ. ೨೦೨೩ರಲ್ಲಿ ಬಂದ ಇಂಟೆಲ್ ಎನ್100 ಎಂಬುದು ಅಗ್ಗದ ಯಂತ್ರಗಳಲ್ಲಿ ಹಾಕುವ ಚಿಪ್ಪು. ನಾಲ್ಕು ಕೋರು, ಆರು ವಾಟಿನ ದರ್ಜೆಯದು. ಪತ್ರ ಬರೆಯಲು, ಯೂಟ್ಯೂಬಿನಲ್ಲಿ ಕಛೇರಿ ಕೇಳಲು, ವಿಡಿಯೋದಲ್ಲಿ ಮಾತನಾಡಲು ಅದು ಸಾಕು. ಅದಕ್ಕಿಂತ ಹಿಂದಿನ, ಎರಡೇ ಕೋರಿನ ಸೆಲೆರಾನ್ ಎನ್4020 ಸಿಕ್ಕರೆ ಮಾತ್ರ ಹಿಂದೆ ಸರಿಯಿರಿ. ಹೆಸರುಗಳನ್ನು ನಂಬಿಯೂ ಮೋಸಹೋಗಬಾರದು. ಎಎಂಡಿಯವರ ರೈಜನ್ 3 7320ಯು ಎಂಬುದು 2022ರಲ್ಲಿ ಹೊರಬಂದರೂ ಅದರ ಒಳಗಿನ ವಿನ್ಯಾಸ 2019ರದು. 7330ಯು ಎಂಬುದರ ವಿನ್ಯಾಸ ಅದರ ಮುಂದಿನ ತಲೆಮಾರಿನದು. ಆ ಸಾಲಿನ ಹೆಸರುಗಳಲ್ಲಿ ಮೂರನೆಯ ಅಂಕಿ ವಿನ್ಯಾಸದ ತಲೆಮಾರನ್ನು ಹೇಳುತ್ತದೆ. ಮೊದಲಂಕಿಯನ್ನಷ್ಟೇ ನೋಡುವವರಿಗೆ ಇದು ತಿಳಿಯುವಂತಿಲ್ಲ. ಹಾಗಿದ್ದರೂ, ಆ ಹಳೆಯ ವಿನ್ಯಾಸವೂ ಮನೆಗೆಲಸವನ್ನು ಸರಾಗವಾಗಿಯೇ ನಡೆಸುತ್ತದೆ.

ತೊಂದರೆಯಿರುವುದು ಬೇರೆ ಕಡೆ. ಅದು ತಿಳಿಯಬೇಕಾದರೆ ಅಡುಗೆಮನೆಗೆ ಬನ್ನಿ.

ನಿಮ್ಮ ಮನೆಯಲ್ಲಿ ಅಡುಗೆ ಕಟ್ಟೆಯುಂಟು, ಉಗ್ರಾಣವುಂಟು. ಅಕ್ಕಿ, ಬೇಳೆ, ಮೆಣಸಿನಕಾಯಿ ಎಲ್ಲವೂ ಇರುವುದು ಉಗ್ರಾಣದಲ್ಲಿ. ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಕಟ್ಟೆಯ ಮೇಲೆ ತಂದಿಟ್ಟುಕೊಂಡು ಅಡುಗೆ ಮಾಡುತ್ತೀರಿ. ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಎಂಬುದು ಕಟ್ಟೆ, ಸ್ಟೋರೇಜ್ ಎಂಬುದು ಉಗ್ರಾಣ. ಕಟ್ಟೆ ಚಿಕ್ಕದಾದರೆ ಅಡುಗೆಯವರು ಏನು ಮಾಡುತ್ತಾರೆ? ಸಾರಿನ ಪಾತ್ರೆಯನ್ನು ಉಗ್ರಾಣಕ್ಕೆ ಒಯ್ದಿಟ್ಟು ಪಲ್ಯದ ಬಾಣಲೆಯನ್ನು ತರುತ್ತಾರೆ. ಮತ್ತೆ ಸಾರು ನೋಡಬೇಕಾದರೆ ಬಾಣಲೆಯನ್ನು ಒಯ್ಯುತ್ತಾರೆ. ಯಂತ್ರವೂ ಹಾಗೆಯೇ. ರ‍್ಯಾಮ್ ತುಂಬಿತೆಂದರೆ ಅದರಲ್ಲಿದ್ದುದನ್ನು ಸ್ಟೋರೇಜಿಗೆ ಬರೆದು, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋದಾಗ ಪರದೆ ಬಿಳಿಯಾಗಿ ಕ್ಷಣಕಾಲ ಕಲ್ಲಾಗಿ ನಿಲ್ಲುವುದು ಬಹಳ ಸಲ ಇದರಿಂದಲೇ.

ಈಗ ಲೆಕ್ಕ ನೋಡಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಬೇಕೆಂದು ಮೈಕ್ರೋಸಾಫ್ಟ್ ಗೊತ್ತುಮಾಡಿದೆ. ಆ ಕನಿಷ್ಠವೆಂದರೆ ಒಲೆ ಹೊತ್ತಿಕೊಳ್ಳುವಷ್ಟು, ಅಡುಗೆಯಾಗುವಷ್ಟಲ್ಲ. 4 ಜಿಬಿಯಲ್ಲಿ ಬಹುಪಾಲನ್ನು ವಿಂಡೋಸೇ ತಿನ್ನುತ್ತದೆ. ಉಳಿದದ್ದರಲ್ಲಿ ಕ್ರೋಮಿನ ಐದಾರು ಪುಟಗಳು, ಒಂದು ವಿಡಿಯೋ ಸಂಭಾಷಣೆ, ಕಟ್ಟೆ ತುಂಬಿಹೋಯಿತು. ಇನ್ನು ಉಗ್ರಾಣ. ತೀರ ಅಗ್ಗದ ಯಂತ್ರಗಳಲ್ಲಿ ಇಎಂಎಂಸಿ ಎಂಬ, ಅಗ್ಗದ ಮೊಬೈಲ್ ಫೋನುಗಳಲ್ಲಿ ಬಳಸುವ ಬಗೆಯ ಸ್ಟೋರೇಜನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದರ ದಾರಿಯಲ್ಲಿ ಕ್ಷಣಕ್ಕೆ ಹೆಚ್ಚೆಂದರೆ 400 ಎಂಬಿ ಹಾಯಬಹುದು. ಈಗ ಸಾಮಾನ್ಯವಾಗಿರುವ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಅದರ ಹಲವು ಪಟ್ಟು. ಕಟ್ಟೆಯೂ ಚಿಕ್ಕದು, ಉಗ್ರಾಣದ ಬಾಗಿಲೂ ಕಿರಿದು. ಒಂದೊಂದೇ ಕೊರತೆಯಿದ್ದರೆ ಸಹಿಸಬಹುದಿತ್ತು. ಎರಡೂ ಸೇರಿದರೆ ಒಂದನ್ನೊಂದು ಗುಣಿಸುತ್ತವೆ.

ನಮ್ಮ ಬೀದಿಯ ಒಂದು ಮನೆಯಲ್ಲಿ ಇಂಥದ್ದೇ ಯಂತ್ರವನ್ನು ಕಂತಿನ ಮೇಲೆ ತಂದಿದ್ದರು. ತಂದೆಯವರು ಸಣ್ಣ ಸಂಬಳದವರು. ಮಗಳು ಆ ವರುಷ ಸಿಇಟಿ ಬರೆದವಳು. ಮೊದಲ ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ವಿಂಡೋಸಿನ ಹೊಸ ಅಪ್‌ಡೇಟು ಬಂತು. 64 ಜಿಬಿ ಎಂದರೆ ಯಂತ್ರ ತೋರಿಸುವುದು 59ರ ಆಸುಪಾಸು. ಅದರಲ್ಲಿ ಅರ್ಧದಷ್ಟು ಆಗಲೇ ವಿಂಡೋಸಿನ ಪಾಲು, ಉಳಿದದ್ದು ಪಾಠದ ವಿಡಿಯೋಗಳ ಪಾಲು. ಜಾಗ ಸಾಲದೆ ಅಪ್‌ಡೇಟು ಅರ್ಧಕ್ಕೆ ನಿಲ್ಲುವುದು, ಮತ್ತೆ ಮೊದಲಿನಿಂದ ಹಿಡಿಯುವುದು. ಕಾಲೇಜುಗಳ ಆಯ್ಕೆ ತುಂಬಬೇಕಾದ ದಿನ ಆ ಹುಡುಗಿ ಯಂತ್ರವನ್ನು ಮಡಚಿಟ್ಟು ತಾಯಿಯ ಜೊತೆಯಲ್ಲಿ ಬಸ್‌ಸ್ಟ್ಯಾಂಡಿನ ಬಳಿಯ ಸೈಬರ್ ಅಂಗಡಿಗೆ ಹೋಗಿ ಸಾಲಿನಲ್ಲಿ ನಿಂತಳು. ಕಂತು ಮಾತ್ರ ಇನ್ನೂ ಏಳು ತಿಂಗಳಿತ್ತು. ಅಲ್ಲಿ ಉಳಿಸಿದ್ದು ಐದಾರು ಸಾವಿರ ರೂಪಾಯಿ.

ಆದ್ದರಿಂದ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಇಷ್ಟಕ್ಕಿಂತ ಕೆಳಗಿಳಿಯಬಾರದು. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಲ್ಲೆಲ್ಲ ಏರಿದ್ದರಿಂದ ಈ ಭಾಗವನ್ನೇ ಕತ್ತರಿಸುವ ಆಸೆ ತಯಾರಕರಿಗೆ ಹೆಚ್ಚಾದೀತು; ಎಚ್ಚರವಾಗಿರಿ. ಹಾಗೆಯೇ ಹಳೆಯ ಯಂತ್ರಗಳಲ್ಲಿ 1 ಟಿಬಿ ಹಾರ್ಡ್‌ಡಿಸ್ಕ್ ಎಂದು ದೊಡ್ಡ ಅಂಕಿ ತೋರಿಸಿದರೆ ಮರುಳಾಗಬೇಡಿ. ನಿಮಿಷಕ್ಕೆ 5400 ಸುತ್ತು ಹಾಕುವ ತಟ್ಟೆ ಕ್ಷಣಕ್ಕೆ 90 ಸುತ್ತು ಹಾಕಿತು. ಬೇಕಾದ ಸಂಗತಿ ಸೂಜಿಯ ಕೆಳಗೆ ಬರುವವರೆಗೆ ಪ್ರತಿ ಸಲವೂ ಕಾಯಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಹುಡುಕುವುದಾದರೆ ಕ್ಷಣಕ್ಕೆ ನೂರು ಹುಡುಕಾಟವೂ ಕಷ್ಟ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲವಾಗಿ ಅಂಥ ಸಾವಿರಾರು ಹುಡುಕಾಟಗಳು ಆಗಿಹೋಗುತ್ತವೆ. ದೊಡ್ಡ ಉಗ್ರಾಣವಿದ್ದೂ ಬೀಗದ ಕೈ ಹುಡುಕುತ್ತಾ ಕೂತಂತೆ ಈ ಹಾರ್ಡ್‌ಡಿಸ್ಕಿನ ಸಂಸಾರ.

ಇನ್ನು ಕಣ್ಣಿನ ವಿಷಯ. ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಮನೆಗೆ ಬಂದ ಮೇಲೆ ಎಲ್ಲರೂ ಗೊಣಗುತ್ತಾರೆ. ಅಗ್ಗದ ಪರದೆಗಳಲ್ಲಿ ಕೆಲವು 1366 ಅಡ್ಡ, 768 ಉದ್ದ ಚುಕ್ಕೆಗಳವು. ಒಟ್ಟು ಹತ್ತೂವರೆ ಲಕ್ಷ ಚುಕ್ಕೆಗಳಾದುವು. 1920ಕ್ಕೆ 1080ರ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಮೇಲು. ಇಂಗ್ಲಿಷ್ ಓದುವವನಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟದಿರಬಹುದು. ನಮ್ಮ ಲಿಪಿಯ ಸಂಗತಿ ಬೇರೆ. ಅಕ್ಷರದ ಕೆಳಗೆ ಒತ್ತು, ಬಲಕ್ಕೆ ದೀರ್ಘ, ತಲೆಯ ಮೇಲೆ ಗುಣಿತ. "ಸ್ತ್ರೀ" ಎಂಬೊಂದು ಅಕ್ಷರದಲ್ಲಿ ಎಷ್ಟು ಗೆರೆಗಳಿವೆ ಎಣಿಸಿ ನೋಡಿ. ಚುಕ್ಕೆ ಸಾಲದಿದ್ದರೆ ಒತ್ತಕ್ಷರಗಳು ಕಲಸಿಹೋಗಿ, ಓದುವವರು ಊಹೆಯ ಮೇಲೆ ಓದಬೇಕಾಗುತ್ತದೆ. ಅರುವತ್ತು ದಾಟಿದ ಕಣ್ಣಿಗೆ ಇದು ಸಣ್ಣ ತೊಂದರೆಯಲ್ಲ.

ಪರದೆಯ ಬೆಳಕನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಗ್ಗದ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದು 220ರಿಂದ 250. ಕೋಣೆಯೊಳಗೆ ಸಾಕು, ಹಜಾರದ ಕಿಟಕಿಗೆ ಎದುರಾಗಿ ಕೂತರೆ ನಿಮ್ಮ ಮುಖವೇ ಅದರಲ್ಲಿ ಕಾಣುತ್ತದೆ. ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಕೆಳಗಿನಿಂದ ನೋಡಿ. ಬಣ್ಣಗಳು ತಲೆಕೆಳಗಾಗಿ ಮುಖಗಳು ಕರ್ರಗಾದರೆ ಅದು ಟಿಎನ್ ಎಂಬ ಹಳೆಯ ಬಗೆ. ಎಲ್ಲ ದಿಕ್ಕಿನಿಂದಲೂ ಒಂದೇ ತೆರನಾಗಿ ಕಂಡರೆ ಐಪಿಎಸ್ ಇರಬಹುದು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮಗನೊಡನೆ ವಿಡಿಯೋದಲ್ಲಿ ಮಾತನಾಡುವಾಗ ಪಕ್ಕದಲ್ಲಿ ಕೂತ ಅಜ್ಜಿಗೂ ಮುಖ ಕಾಣಬೇಕಷ್ಟೆ.

ಕೈಗೆ ಸಿಗುವ ಭಾಗವನ್ನು ಕತ್ತರಿಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಉದಾಹರಣೆಯುಂಟು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ "ಆಕಾಶ್" ಎಂಬ ಟ್ಯಾಬ್ಲೆಟ್ಟನ್ನು ಹೊರತಂದಿತು. ಅಷ್ಟು ಅಗ್ಗದ ಬೆಲೆಗೆ ಅಂಥದೊಂದು ಯಂತ್ರವೆಂದು ಲೋಕವೆಲ್ಲ ಬೆರಗಾಯಿತು. ಆದರೆ ಅದರ ಪರದೆ ಬೆರಳ ಸ್ಪರ್ಶಕ್ಕೆ ಓಗೊಡುವುದಲ್ಲ, ಒತ್ತಿದರೆ ಓಗೊಡುವ ರೆಸಿಸ್ಟಿವ್ ಬಗೆಯದು. ರ‍್ಯಾಮ್ 256 ಎಂಬಿ. ಬೆರಳಿನಿಂದಲೇ ನಡೆಯಬೇಕಾದ ಯಂತ್ರದಲ್ಲಿ ಬೆರಳು ಮುಟ್ಟುವ ಜಾಗಕ್ಕೇ ಕತ್ತರಿ ಬಿದ್ದಿತ್ತು. ದೂರುಗಳು ಬಂದುವು, 2012ರ ನವೆಂಬರಿನಲ್ಲಿ ಬಂದ ಎರಡನೆಯ ಆಕಾಶ್‌ನಲ್ಲಿ ಪರದೆಯನ್ನೇ ಬದಲಿಸಿ, ರ‍್ಯಾಮನ್ನು ಇಮ್ಮಡಿ ಮಾಡಿದರು. ಪೆಟ್ಟಿಗೆಯ ಮೇಲಿನ ಅಂಕಿಗಳಿಗಿಂತ ಮೊದಲು ಕೀಲಿಮಣೆಯ ಮೇಲೆ ಹತ್ತು ನಿಮಿಷ ಟೈಪು ಮಾಡಿ ನೋಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಕನ್ನಡದಲ್ಲಿಯೇ ಮಾಡಿ. ವಿಂಡೋಸಿನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಮೊದಲಿನಿಂದ ಉಂಟು. 2019ರಿಂದ ಉಚ್ಚಾರಣೆಯಂತೆ ಬರೆಯುವ ಕೀಲಿಮಣೆಯೂ ಬಂದಿದೆ. ಅದಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ, ಶಕ್ತಿವಂತ ಯಂತ್ರವೂ ಬೇಕಾಗಿಲ್ಲ.

ಹಾಗಾದರೆ ಯಾವ ಕೊರತೆಗಳನ್ನು ಮರೆತುಬಿಡಬಹುದು? ಲೋಹದ ಬದಲು ಪ್ಲಾಸ್ಟಿಕ್ಕಿನ ಮೈ, ಕತ್ತಲೆಯಲ್ಲಿ ಹೊಳೆಯದ ಕೀಲಿಗಳು, ಬೆರಳಚ್ಚಿನ ಬೀಗವಿಲ್ಲದ್ದು, ಸಾಧಾರಣ ಕ್ಯಾಮರಾ. ಇವುಗಳಿಂದ ಮನೆಗೇನೂ ನಷ್ಟವಿಲ್ಲ. ರ‍್ಯಾಮ್ ಒಂದೇ ಹಲಗೆಯಲ್ಲಿದ್ದರೆ ವೇಗ ಕಡಿಮೆಯೆಂದು ಹುಡುಗರು ವಾದಿಸುವುದುಂಟು. ಆಟವಾಡುವವರಿಗೆ ಅದು ನಿಜ; ಪತ್ರ ಬರೆಯುವವರಿಗೆ ತಿಳಿಯುವುದೇ ಇಲ್ಲ.

ಬ್ಯಾಟರಿಯ ಲೆಕ್ಕವನ್ನು ನೀವೇ ಹಾಕಬಹುದು. ಅದರ ಮೇಲೆ ವಾಟ್-ಅವರ್ ಎಂದು ಒಂದು ಅಂಕಿಯಿರುತ್ತದೆ. 40 ಎಂದಿದ್ದು, ಯಂತ್ರ 8 ವಾಟಿನಂತೆ ತಿಂದರೆ ಐದು ಗಂಟೆಯಾಯಿತು. ಜಾಹೀರಾತಿನ ಹತ್ತು ಗಂಟೆಯನ್ನು ಹೀಗೆ ಭಾಗಿಸಿ ನೋಡಿದರೆ ಸತ್ಯ ತಿಳಿಯುತ್ತದೆ. ಬ್ಯಾಟರಿ ಸೊರಗಿದರೆ ಎರಡು ಮೂರು ವರ್ಷದ ಮೇಲೆ ಬದಲಿಸಲೂ ಬಹುದು.

ಈ ಬದಲಿಸಬಹುದಾದ ಗುಣವೇ ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡದು. ರ‍್ಯಾಮಿಗೆ ಒಂದು ಖಾಲಿ ಸ್ಲಾಟು ಇದೆಯೆನ್ನಿ. ಇಂದು 8 ಜಿಬಿ ಇಟ್ಟುಕೊಂಡು, ಕೈಯಲ್ಲಿ ಹಣವಿದ್ದಾಗ ಇನ್ನೊಂದು 8 ಸೇರಿಸಬಹುದು. ಎಲ್‌ಪಿಡಿಡಿಆರ್ ಎಂದು ಬರೆದಿದ್ದರೆ ಅದನ್ನು ಸಾಮಾನ್ಯವಾಗಿ ಬೋರ್ಡಿಗೆ ಬೆಸೆದಿರುತ್ತಾರೆ. ಕೊಂಡ ದಿನ ಎಷ್ಟೋ ಕೊನೆಯ ದಿನವೂ ಅಷ್ಟೆ. ಅಂಥದ್ದನ್ನು ಕೊಳ್ಳಬಾರದೆಂದಲ್ಲ, ಕೊಳ್ಳುವುದಾದರೆ ಮೊದಲೇ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳಿ.

ಕಚೇರಿಗಳು ಬಳಸಿ ಬಿಟ್ಟ ಯಂತ್ರಗಳನ್ನು ದುರಸ್ತಿ ಮಾಡಿ ಮಾರುವವರಿದ್ದಾರೆ. ಅವುಗಳ ಕೀಲಿಮಣೆ, ತಿರುಗಣೆ ಬಹಳ ಸಲ ಹೊಸ ಅಗ್ಗದ ಯಂತ್ರಕ್ಕಿಂತ ಗಟ್ಟಿ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಚಿಪ್ಪುಗಳನ್ನು ಒಪ್ಪುವುದಿಲ್ಲ. ಏಳನೆಯ ತಲೆಮಾರಿನ ಯಂತ್ರವನ್ನು ಹನ್ನೆರಡು ಸಾವಿರಕ್ಕೆ ಕೊಡುತ್ತೇವೆಂದರೆ ಕಾರಣ ಇದಿರಬಹುದು.

ಕ್ರೋಮ್‌ಬುಕ್ಕುಗಳೂ ಅಗ್ಗ. ಅಂತರಜಾಲದಲ್ಲೇ ಎಲ್ಲ ಕೆಲಸ ಮುಗಿಯುವವರಿಗೆ ಹಗುರಾದ ಸಂಗಾತಿ. ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವ ಮನೆಯವರಿಗೆ ಮಾತ್ರ ಅದು ಒಗ್ಗುವುದಿಲ್ಲ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ವಿಂಡೋಸಿಗಾಗಿ ಮಾಡಿದ ತಂತ್ರಾಂಶ. ಕೆಲವು ಅಗ್ಗದ ವಿಂಡೋಸ್ ಯಂತ್ರಗಳಲ್ಲಿ "ಎಸ್ ಮೋಡ್" ಎಂಬ ಕಟ್ಟು ಹಾಕಿರುತ್ತಾರೆ. ಮೈಕ್ರೋಸಾಫ್ಟಿನ ಅಂಗಡಿಯಿಂದ ಬಂದ ತಂತ್ರಾಂಶವನ್ನಲ್ಲದೆ ಬೇರೆ ಯಾವುದನ್ನೂ ಅದು ಒಳಗೆ ಬಿಡದು. ಹೆದರಬೇಡಿ, ಸೆಟ್ಟಿಂಗ್ಸಿನಲ್ಲಿ ಹಣವಿಲ್ಲದೆ ಆ ಕಟ್ಟನ್ನು ಬಿಚ್ಚಬಹುದು. ಬಿಚ್ಚಿದ ಮೇಲೆ ಮತ್ತೆ ಕಟ್ಟಲಾಗುವುದಿಲ್ಲ, ಅಷ್ಟೆ.

ಅಂಗಡಿಗೆ ಹೋದಾಗ ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ರ‍್ಯಾಮ್ ಎಷ್ಟು, ಏನನ್ನೂ ತೆರೆಯದಿರುವಾಗಲೇ ಎಷ್ಟು ತುಂಬಿದೆ, ಡಿಸ್ಕು ಯಾವ ಬಗೆಯದು ಎಂಬುದೆಲ್ಲ ಕಾಣುತ್ತದೆ. ಮಾರುವವನು ಅಡ್ಡಿ ಮಾಡಿದರೆ ಬೇರೆ ಅಂಗಡಿಗೆ ಹೋಗಿ. ಒಂದೇ ಹೆಸರಿನ ಯಂತ್ರ ಐದಾರು ಬಗೆಯಲ್ಲಿ ಬರುವುದುಂಟು. ನೋಡಿದ್ದು ಐಪಿಎಸ್ ಪರದೆಯದು, ಪೆಟ್ಟಿಗೆಯಲ್ಲಿ ಬಂದದ್ದು ಟಿಎನ್ ಪರದೆಯದು ಆಗಬಾರದು. ಪೂರ್ಣ ಮಾದರಿ ಸಂಖ್ಯೆಯನ್ನು, ಕೊನೆಯ ಅಕ್ಷರದವರೆಗೂ, ರಸೀದಿಯ ಮೇಲೆ ಬರೆಸಿಕೊಂಡು, ಪೆಟ್ಟಿಗೆಯ ಮೇಲಿನದಕ್ಕೆ ತಾಳೆ ನೋಡಿದ ಮೇಲೆ ಹಣ ಕೊಡಿ.