ರಾಗಿಗೆ ಆಫ್ರಿಕಾದ ನಂಟು

ರಾಗಿ ಹೂವನ್ನು ಗಮನಿಸಿ ನೋಡಿದವರು ಕಡಿಮೆ. ತೆನೆಯ ಬೆರಳುಗಳಲ್ಲಿ ಒತ್ತೊತ್ತಾಗಿ ಕೂತ ಆ ಪುಟ್ಟ ಹೂಗಳು ಅರಳುವುದು ಬೆಳಗಿನ ಜಾವದಲ್ಲಿ. ಊರು ಏಳುವ ಹೊತ್ತಿಗೆ ಪರಾಗಸ್ಪರ್ಶ ಮುಗಿದಿರುತ್ತದೆ, ಅದೂ ಹೆಚ್ಚಾಗಿ ಸ್ವಂತ ಪರಾಗದಿಂದಲೇ. ಹೊರಸಂಬಂಧಕ್ಕೆ ಸುಲಭಕ್ಕೆ ಒಪ್ಪದ ಬೆಳೆ ಇದು. ಹಾಗಾಗಿ ಮೈಸೂರು ಸಂಸ್ಥಾನದಲ್ಲಿ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಕಾಲದಿಂದ ಬಹಳ ವರ್ಷ ರಾಗಿ ಸುಧಾರಣೆ ಎಂದರೆ ಹೊಲದಲ್ಲಿ ಇದ್ದುದರಲ್ಲೇ ಒಳ್ಳೆಯ ಗಿಡ ಆರಿಸುವುದಾಗಿತ್ತು.

ಕೈಯಿಂದ ಕೇಸರ ಕಿತ್ತು ಸಂಕರ ಮಾಡುವುದು ತೀರಾ ಕಷ್ಟವಾದ್ದರಿಂದ ತಳಿಗಾರರು ಒಂದು ಉಪಾಯ ಕಂಡುಕೊಂಡಿದ್ದರು. ಹಸಿರು ಗಿಡದ ತೆನೆಗೆ ನೇರಳೆ ಬಣ್ಣದ ಗಿಡದ ತೆನೆ ಸೇರಿಸಿ ಕಟ್ಟಿ, ಎರಡಕ್ಕೂ ಒಂದೇ ಚೀಲ ತೊಡಿಸುವುದು. ಹಸಿರು ತಾಯಿಯ ಕಾಳು ಬಿತ್ತಿದಾಗ ಮೊಳೆತ ಪೈರಿನ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಸಸಿ ಕಂಡರೆ ಅದೇ ಸಂಕರ. ಮಿಕ್ಕಿದ್ದೆಲ್ಲ ತಾಯಿಯ ಪಡಿಯಚ್ಚು. ಸಾವಿರ ಸಸಿಗಳ ನಡುವೆ ಕೂತು ಬಣ್ಣ ಹುಡುಕುವ ತಾಳ್ಮೆ ಎಲ್ಲರಿಗೂ ಬರುವಂಥದ್ದಲ್ಲ.

ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ಸಿ.ಎಚ್. ಲಕ್ಷ್ಮಣಯ್ಯನವರಿಗೆ ಅದು ಒಲಿದಿತ್ತು. ಅರುಣ, ಅನ್ನಪೂರ್ಣ, ಕಾವೇರಿ ತಳಿಗಳ ಬಳಿಕ ಅವರು ದೂರದ ನೆಂಟಸ್ತಿಕೆಗೆ ಕೈಹಾಕಿದರು. ರಾಗಿಯ ತವರು ಪೂರ್ವ ಆಫ್ರಿಕಾ. ಅಲ್ಲಿನ ತಳಿಗಳದ್ದು ಗಟ್ಟಿ ದಂಟು, ದಪ್ಪ ಕಾಳು, ಮುಷ್ಟಿಯಂಥ ತೆನೆ, ಆದರೆ ಕೊಯ್ಲು ತಡ. ನಮ್ಮವು ಬೇಗ ಬರುತ್ತವೆ, ಚೆನ್ನಾಗಿ ತೆಂಡೆ ಒಡೆಯುತ್ತವೆ. ಎರಡೂ ಕೂಡಿ 1970ರ ದಶಕದಲ್ಲಿ ಇಂಡಾಫ್ ಸರಣಿ ಹೊಲಕ್ಕೆ ಬಂತು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲೇ ಇವೆ. ಜನ ಅವರನ್ನು ರಾಗಿ ಬ್ರಹ್ಮ ಎಂದರು. ಜೀನೋಮ್ ಎಂಬ ಮಾತು ಕೇಳದ ರೈತನ ಕಣಕ್ಕೆ ತಳಿವೈವಿಧ್ಯ ಬಂದದ್ದು ಹೀಗೆ.

ಇಳುವರಿ ಬಂತು, ಬೆಂಕಿ ರೋಗದ ಕಾಟ ಮಾತ್ರ ಹೋಗಲಿಲ್ಲ. ತೆನೆಯ ಕುತ್ತಿಗೆಗೆ ಈ ರೋಗದ ಶಿಲೀಂಧ್ರ ತಗುಲಿದರೆ ಕಾಳು ಜೊಳ್ಳು. ಇಂಡಾಫ್-5, ಇಂಡಾಫ್-9ರ ಜೊತೆ ಬೀಜಸಂಗ್ರಹದ ಐಇ 1012 ಸೇರಿಸಿ 1990ರ ದಶಕದಲ್ಲಿ ಬೆಂಕಿ ರೋಗ ತಡೆಯುವ ಜಿಪಿಯು-28 ಬಂದಾಗ ರೈತರು ಮುಗಿಬಿದ್ದರು. ಅದೇ ನನಗೆ ಚಿಂತೆಯ ಮಾತು: ಒಂದೇ ತಳಿ ತಾಲ್ಲೂಕುಗಟ್ಟಲೆ ಹಬ್ಬಿದರೆ, ರೂಪ ಬದಲಿಸುವ ರೋಗಕ್ಕೆ ಎಲೆ ಹಾಕಿ ಬಡಿಸಿದಂತೆ.

ರೋಗ ತಡೆಯುವ ಹೊಸ ಗುಣಗಳನ್ನು ಹುಡುಕಲು ಬೆಳೆಯ ಜೀನೋಮ್, ಅಂದರೆ ಅದರ ಇಡೀ ಡಿಎನ್ಎ, ಓದಿದರೆ ಅನುಕೂಲ. ಭತ್ತದ ಜೀನೋಮಿನ ಕರಡು 2002ರಲ್ಲೇ ಸಿಕ್ಕಿತ್ತು. ಬಡವರ ಬೆಳೆ ಎಂದೋ ಏನೋ, ರಾಗಿಯ ಸರದಿ ಬಂದದ್ದು 2017ರಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಓದಿದ ತಳಿ ಎಂಎಲ್-365. ಅದರ ವಂಶಾವಳಿಯಲ್ಲಿರುವುದೂ ಐಇ 1012 ಮತ್ತು ಇಂಡಾಫ್-5. ರಾಗಿಯಲ್ಲಿ ಎರಡು ಪೂರ್ವಜ ಹುಲ್ಲುಗಳ ಜೀನೋಮ್ ಕೂಡಿವೆ, ಒಟ್ಟು 36 ವರ್ಣತಂತು. ಹಾಗಾಗಿ ಓದಿದ ಚೂರುಗಳಲ್ಲಿ ಯಾವುದು ಯಾವ ಪಾಲಿನದೆಂದು ಬಿಡಿಸುವುದೇ ದೊಡ್ಡ ಗೋಜಲು. 2023ರಲ್ಲಿ ವರ್ಣತಂತುವಾರು ಜೋಡಿಸಿದ ಇನ್ನೊಂದು ಜೀನೋಮ್ ಪ್ರಕಟವಾಯಿತು.

ಇನ್ನು ಬೀಜಭಂಡಾರಗಳಲ್ಲಿರುವ ಸಾವಿರಾರು ಮಾದರಿಗಳನ್ನು ಇವುಗಳ ಪಕ್ಕ ಇಟ್ಟು ಹೋಲಿಸಬೇಕು. ಬೆಂಕಿ ರೋಗ ತಡೆಯುವ ಗುಣ ಯಾವ ಊರಿನ ಕಾಳಿನಲ್ಲಿದೆ ಎಂದು ಮೊದಲೇ ತಿಳಿದರೆ, ಯಾವುದರ ಜೊತೆ ಯಾವ ತೆನೆ ಕಟ್ಟಬೇಕೆಂದು ತಳಿಗಾರರು ಅಂದಾಜಿನ ಮೇಲೆ ತೀರ್ಮಾನಿಸಬೇಕಿಲ್ಲ.