ಪತಿಯ ಸಿಗರೇಟು, ಸತಿಯ ಶ್ವಾಸಕೋಶ

ಬೆಳಗಿನ ಕಾಫಿಯೊಡನೆ ಒಂದು, ಪತ್ರಿಕೆ ಓದುವಾಗ ಒಂದು, ರಾತ್ರಿ ಊಟವಾದ ಮೇಲೆ ಮತ್ತೊಂದು. ಮನೆಯ ಯಜಮಾನರು ಸಿಗರೇಟು ಹೊತ್ತಿಸಿದರೆ ಮನೆಯಾಕೆ ಕಿಟಕಿ ತೆರೆಯುವುದು, ಮೂಗಿಗೆ ಸೆರಗು ಹಿಡಿಯುವುದು ಎಷ್ಟೋ ಸಂಸಾರಗಳಲ್ಲಿ ನಡೆದುಬಂದಿರುವ ಸಂಗತಿ. ವಾಸನೆಯ ವಿಷಯವಾಗಿ ಸಣ್ಣಪುಟ್ಟ ಮುನಿಸು ಉಂಟಾಗುವುದೂ ಹೊಸದಲ್ಲ. ಆದರೆ ಆ ಹೊಗೆಯಿಂದ ಆಕೆಯ ಪ್ರಾಣಕ್ಕೇ ಅಪಾಯವುಂಟೆಂಬ ಮಾತು ವೈದ್ಯರ ಬಾಯಲ್ಲಿಯೂ ಬಹುಕಾಲ ಬಂದಿರಲಿಲ್ಲ. ಸೇದಿದವನಿಗೆ ರೋಗ; ಸೇದದವಳಿಗೆ ಏನು ಭಯ? ಇದೇ ಎಲ್ಲರ ತರ್ಕವಾಗಿತ್ತು.

ಈ ತರ್ಕವನ್ನು ಬುಡಸಹಿತ ಅಲುಗಿಸಿದವರು ಜಪಾನಿನ ಡಾಕ್ಟರ್ ತಾಕೇಶಿ ಹಿರಾಯಾಮಾ. ಟೋಕಿಯೋ ನಗರದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ಅವರ ಕೆಲಸ ರೋಗಿಯ ನಾಡಿ ಹಿಡಿಯುವುದಾಗಿರಲಿಲ್ಲ. ಯಾವ ರೋಗ ಯಾವ ಜನರನ್ನು ಏಕೆ ಹಿಡಿಯುತ್ತದೆಂದು ಲೆಕ್ಕ ಹಾಕುವುದಾಗಿತ್ತು. ೧೯೬೫ರ ಕೊನೆಯಲ್ಲಿ ಆರು ಪ್ರಾಂತಗಳ ೨೯ ಆರೋಗ್ಯಕೇಂದ್ರಗಳ ಸರಹದ್ದಿನಲ್ಲಿದ್ದ, ನಲವತ್ತು ವರ್ಷ ತುಂಬಿದ ಸ್ತ್ರೀಪುರುಷರನ್ನು ವಿಚಾರಿಸಲಾಯಿತು. ಏನು ಉಣ್ಣುತ್ತೀರಿ, ಏನು ಕುಡಿಯುತ್ತೀರಿ, ದಿನಕ್ಕೆ ಎಷ್ಟು ಸಿಗರೇಟು ಸೇದುತ್ತೀರಿ? ಹೀಗೆ ಉತ್ತರವಿತ್ತವರು ೨,೬೫,೧೧೮ ಮಂದಿ. ಆ ಪ್ರದೇಶಗಳಲ್ಲಿ ಆ ವಯಸ್ಸಿನವರ ಪೈಕಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ. ಆಮೇಲೆ ವರ್ಷ ವರ್ಷವೂ ಮರಣದ ದಾಖಲೆಗಳನ್ನು ಈ ಪಟ್ಟಿಯೊಡನೆ ತಾಳೆ ನೋಡುತ್ತ ಹೋದರು. ಫಲಕ್ಕಾಗಿ ಆತುರಪಡುವವರಿಗೆ ಹೇಳಿದ ಕೆಲಸವಲ್ಲ ಅದು.

ಇಂಥ ಲೆಕ್ಕಕ್ಕೆ ಅಂದಿನ ಜಪಾನು ಹೇಳಿ ಮಾಡಿಸಿದಂತಿತ್ತು. ಗಂಡಸರಲ್ಲಿ ನೂರಕ್ಕೆ ಎಂಬತ್ತರಷ್ಟು ಜನ ಸಿಗರೇಟು ಸೇದುತ್ತಿದ್ದರೆ, ಸೇದುವ ಹೆಂಗಸರ ಸಂಖ್ಯೆ ತೀರ ಕಡಮೆ. ಪತಿಪತ್ನಿಯರಿಬ್ಬರ ಉತ್ತರಗಳೂ ಕೈಯಲ್ಲಿದ್ದುದರಿಂದ, ತಾನು ಎಂದೂ ಸೇದದ, ಆದರೆ ಸೇದುವವನ ಕೈಹಿಡಿದ ಗೃಹಿಣಿಯ ಗತಿಯೇನೆಂದು ನೋಡುವುದು ಸಾಧ್ಯವಾಯಿತು. ಸೇದದಿದ್ದ ಪತ್ನಿಯರು ಒಟ್ಟು ೯೧,೫೪೦ ಮಂದಿ. ಅವರ ಹದಿನಾಲ್ಕು ವರ್ಷಗಳ ಲೆಕ್ಕ ೧೯೮೧ರ ಜನವರಿಯಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಅಚ್ಚಾಯಿತು.

ದಿನಕ್ಕೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವವರ ಪತ್ನಿಯರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ, ಸೇದದವರ ಪತ್ನಿಯರಿಗಿಂತ ಸುಮಾರು ಎರಡರಷ್ಟು! ಕಡಮೆ ಸೇದುವವರ ಪತ್ನಿಯರು ಇವರಿಬ್ಬರ ನಡುವೆ ನಿಂತರು. ಸಿಗರೇಟು ಏರಿದಂತೆ ಸಾವೂ ಮೆಟ್ಟಲು ಮೆಟ್ಟಲಾಗಿ ಏರಿತ್ತು. ಮತ್ತೊಂದು ವಿಷಯ. ಪತಿಯ ಸಿಗರೇಟಿಗೂ ಪತ್ನಿಯ ಜಠರದ ಕ್ಯಾನ್ಸರಿಗೂ ಸಂಬಂಧವೇ ಕಾಣಲಿಲ್ಲ. ದೋಷ ಬಡತನದ್ದೋ ಆಹಾರದ್ದೋ ಆಗಿದ್ದರೆ ಅದು ಜಠರವನ್ನು ಬಿಟ್ಟು ಶ್ವಾಸಕೋಶವನ್ನೇ ಏಕೆ ಹುಡುಕಿಕೊಂಡು ಹೋಗಬೇಕು?

ಎರಡರಷ್ಟು ಎಂದೊಡನೆ ಎದೆಗುಂದಬೇಕಾಗಿಲ್ಲ. ಸೇದದ ಹೆಂಗಸರಲ್ಲಿ ಈ ರೋಗ ವಿರಳವೇ. ಅಷ್ಟು ಸಾವಿರ ಪತ್ನಿಯರಲ್ಲಿ ಹದಿನಾಲ್ಕು ವರ್ಷಗಳಲ್ಲಿ ಇದರಿಂದ ತೀರಿಕೊಂಡವರು ೧೭೪ ಮಂದಿ. ಅನಂತರ ಹಲವು ದೇಶಗಳ ಲೆಕ್ಕಗಳನ್ನು ಒಟ್ಟುಗೂಡಿಸಿದಾಗ, ಸೇದುವವರ ಜೊತೆ ಬಾಳುವವರಿಗೆ ಅಪಾಯ ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು ಹೆಚ್ಚೆಂದು ಕಂಡುಬಂದಿತು. ಹೃದ್ರೋಗದ ವಿಷಯದಲ್ಲಿಯೂ ಹೆಚ್ಚಳ ಹೆಚ್ಚುಕಡಮೆ ಇಷ್ಟೇ. ಆದರೆ ಹೃದ್ರೋಗ ಮನೆಮನೆಯ ರೋಗ. ಆದುದರಿಂದ ಅದೇ ಪ್ರಮಾಣ ಅಲ್ಲಿ ಬಲಿ ತೆಗೆದುಕೊಳ್ಳುವ ಜೀವಗಳು ಇನ್ನೂ ಎಷ್ಟೋ ಹೆಚ್ಚು.

ಹಿರಾಯಾಮಾ ಅವರ ಲೇಖನ ಪ್ರಕಟವಾದ ವರ್ಷವೇ ಗ್ರೀಸಿನ ಅಥೆನ್ಸಿನಿಂದಲೂ ಇಂಥದೇ ವರದಿ ಬಂದಿತು. ಸಿಗರೇಟು ಕಂಪೆನಿಗಳು ಸುಮ್ಮನಿರುತ್ತವೆಯೇ? ಜಪಾನಿನ ವೈದ್ಯರ ಗಣಿತವೇ ತಪ್ಪೆಂದು ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಜಾಹೀರಾತುಗಳು ಕಾಣಿಸಿಕೊಂಡವು. ಮುಂದೆ ೧೯೯೦ರ ದಶಕದಲ್ಲಿ ಕಂಪೆನಿಗಳ ಒಳಗಿನ ಕಾಗದಪತ್ರಗಳು ಬಯಲಿಗೆ ಬಂದಾಗ ವಿನೋದವೊಂದು ಹೊರಬಿದ್ದಿತು, ವಿನೋದವೆನ್ನಬೇಕೋ, ವಿಷಾದವೆನ್ನಬೇಕೋ! ಹಿರಾಯಾಮಾ ಹೇಳುವುದು ಸರಿಯೆಂದು ಉದ್ಯಮದವರೇ ನೇಮಿಸಿಕೊಂಡಿದ್ದ ಪಂಡಿತರು ಗುಟ್ಟಾಗಿ ಒಪ್ಪಿದ್ದರೆಂದು ೧೯೮೧ರ ಜುಲೈನಲ್ಲಿಯೇ ಕಂಪೆನಿಯೊಂದರ ವಕೀಲರು ಬರೆದಿಟ್ಟಿದ್ದರು. ಹೊರಗೆ ಜಾಹೀರಾತು, ಒಳಗೆ ಒಪ್ಪಿಗೆ.

ಸೇದದವರಿಗೆ ಇಷ್ಟು ಕೇಡಾಗುವುದು ಹೇಗೆ? ಸಿಗರೇಟಿನ ಹೊಗೆ ಎರಡು ಬಗೆಯದು. ಸೇದುವವನು ಎಳೆದುಕೊಂಡು ಬಿಡುವ ಹೊಗೆ ಒಂದು. ಎರಡು ದಮ್ಮುಗಳ ನಡುವೆ ಬೆರಳ ಸಂದಿಯಲ್ಲಿ ಸಿಗರೇಟು ತಾನಾಗಿಯೇ ಉರಿಯುವಾಗ ಅದರ ತುದಿಯಿಂದ ಏಳುವ ನೀಲಿ ಎಳೆ ಇನ್ನೊಂದು. ಕೋಣೆಯನ್ನು ತುಂಬುವುದರಲ್ಲಿ ಈ ಎರಡನೆಯದರ ಪಾಲೇ ಹೆಚ್ಚು. ಕಡಮೆ ಉಷ್ಣದಲ್ಲಿ ಅರೆಬರೆ ಸುಟ್ಟ ಈ ಹೊಗೆ ಯಾವ ಶೋಧಕದ ಮೂಲಕವೂ ಹಾದುಬರುವುದಿಲ್ಲ. ಕ್ಯಾನ್ಸರು ತರುವ ಹಲವು ವಸ್ತುಗಳು ಇದರಲ್ಲಿ ಅಧಿಕವಾಗಿರುತ್ತವೆ. ಸೇದುವವನಿಗಾದರೋ ಸಿಗರೇಟಿನ ತುದಿಗೆ ಹತ್ತಿಯಂಥ ಶೋಧಕ ಉಂಟು. ಎದುರು ಕುಳಿತಾಕೆಗೆ ಅದೂ ಇಲ್ಲ. ಆಕೆ ಗರ್ಭಿಣಿಯಾಗಿದ್ದರೆ ಹೊಗೆಯ ವಿಷ ರಕ್ತದ ಮೂಲಕ ಗರ್ಭಕ್ಕೂ ತಲಪುತ್ತದೆ, ಹುಟ್ಟುವ ಶಿಶುವಿನ ತೂಕ ಕುಗ್ಗುತ್ತದೆ.

ಭಾರತದ ಗೃಹಸ್ಥರಿಗೆ ಈ ಜಪಾನೀ ಲೆಕ್ಕ ದೂರದ ಮಾತಲ್ಲ. ೨೦೧೬–೧೭ರಲ್ಲಿ ನಡೆದ ರಾಷ್ಟ್ರವ್ಯಾಪಿ ಸಮೀಕ್ಷೆಯಂತೆ ಬೀಡಿ ಸಿಗರೇಟು ಸೇದುವ ಸ್ತ್ರೀಯರು ನೂರಕ್ಕೆ ಇಬ್ಬರು ಮಾತ್ರ, ಪುರುಷರು ಹತ್ತೊಂಬತ್ತು. ಸ್ತ್ರೀಯರ ಮಟ್ಟಿಗೆ ಇದು ಸಮಾಧಾನದ ಸಂಗತಿಯೆನ್ನುವಷ್ಟರಲ್ಲಿ ಮತ್ತೊಂದು ಅಂಕಿ ಎದುರಾಗುತ್ತದೆ. ಮನೆಯೊಳಗೇ ಇತರರ ಹೊಗೆ ಕುಡಿಯುವ ವಯಸ್ಕರು ನೂರಕ್ಕೆ ೩೮.೭! ಹಗಲೆಲ್ಲ ಮನೆಯಲ್ಲಿಯೇ ಇರುವವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಿಟಕಿ ತೆರೆದರೆ, ಪಂಖ ಹಾಕಿದರೆ, ಪಕ್ಕದ ಕೋಣೆಯಲ್ಲಿ ಬಾಗಿಲಿಕ್ಕಿಕೊಂಡು ಸೇದಿದರೆ ಸಾಲದೆ ಎಂದು ಕೇಳುವವರುಂಟು. ಸಾಲದು ಎಂಬುದೇ ೨೦೦೬ರಲ್ಲಿ ಅಮೆರಿಕದ ಸರ್ಕಾರದ ಮುಖ್ಯ ವೈದ್ಯಾಧಿಕಾರಿಗಳು ಪ್ರಕಟಿಸಿದ ವರದಿಯ ನಿರ್ಣಯ. ಹೊಗೆ ತೆಳುವಾದೀತೇ ಹೊರತು ಇಲ್ಲವಾಗದು. ಇಷ್ಟು ಹೊಗೆಯಾದರೆ ಬಾಧಕವಿಲ್ಲ ಎಂಬ ಮಿತಿಯೂ ಇಲ್ಲ. ಗೃಹಿಣಿಯರು ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮನೆಯ ವಾದದಲ್ಲಿ ಉಪಯೋಗಕ್ಕೆ ಬಂದೀತು.

ಭಾರತದಲ್ಲಿ ೨೦೦೩ರ ಕಾಯಿದೆಯೂ ೨೦೦೮ರ ಅಕ್ಟೋಬರ್ ೨ರಂದು ಜಾರಿಗೆ ಬಂದ ನಿಯಮಗಳೂ ಕಚೇರಿ, ಆಸ್ಪತ್ರೆ, ರೈಲು ನಿಲ್ದಾಣ, ಸಿನಿಮಾ ಮಂದಿರಗಳಲ್ಲಿ ಧೂಮಪಾನವನ್ನು ನಿಷೇಧಿಸಿವೆ. ಸ್ವಂತ ಮನೆಯ ಹೊಸ್ತಿಲ ಬಳಿ ಕಾಯಿದೆ ನಿಂತುಬಿಡುತ್ತದೆ. ಒಳಗೆ ನಡೆಯುವುದು ಸಂಸಾರದ ದಾಕ್ಷಿಣ್ಯ ಮಾತ್ರ. ಮಗಳು ಬಾಣಂತನಕ್ಕೆ ಬಂದಾಗ, ತೊಟ್ಟಿಲಿನ ಮಗುವಿಗೆ ಹೊಗೆ ತಾಗಬಾರದೆಂದು ತಾತ ಸಿಗರೇಟಿನ ಪೊಟ್ಟಣ ಹಿಡಿದು ಬೀದಿಯ ತುದಿಯವರೆಗೆ ನಡೆದುಹೋಗುವುದುಂಟು. ಅದೇ ಮನೆಯಲ್ಲಿ ಮೂವತ್ತು ವರ್ಷಗಳಿಂದ ಆ ಹೊಗೆಯನ್ನೇ ಕುಡಿಯುತ್ತಿರುವ ಅಜ್ಜಿಗಾಗಿ ಎದ್ದು ಹೊರಗೆ ಹೋದ ಯಜಮಾನರು ಕಾಣಸಿಗುವುದು ಅಪರೂಪ.